ಯಮುನಮ್ಮನ ಹಾಡಿನ ಮೊದಲ ದನಿ

ಕೊಪ್ಪ
12 ಜೂನ್ 2024

ಕರ್ತನಲ್ಲಿ ಪ್ರಿಯ ಜ್ಯೋತ್ಸ್ನಾ,

ಅಕ್ಷರ ನೋಡಿದ ಕೂಡಲೇ ಕಾಗದ ಮಡಚಿ ಪಕ್ಕಕ್ಕಿಡಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು. ನಿನಗೆ ಎಷ್ಟೋ ಸಲ ಫೋನ್ ಮಾಡಿದೆ. ಪ್ರತಿ ಸಲವೂ ನಿನ್ನ ಮಗ ಯೋಗೇಂದ್ರನೇ ತೆಗೆದು, "ಅಮ್ಮ ಮಲಗಿದಾರೆ ಆಂಟಿ, ಎಂತ ಹೇಳ್ಬೇಕಿತ್ತು?" ಅನ್ನುತ್ತಾನೆ. ಬೆಳಿಗ್ಗೆ ಮಾಡಿದರೂ ಮಲಗಿರುತ್ತೀಯ, ಸಂಜೆ ಮಾಡಿದರೂ ಮಲಗಿರುತ್ತೀಯ. ಅಷ್ಟು ನಿದ್ದೆ ಮಾಡುವವಳು ನೀನಲ್ಲ. ಹೋಗಲಿ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಒಂದು ಬಸ್ಸಿನ ದಾರಿ, ಆದರೂ ನಾವಿಬ್ಬರು ಮುಖ ನೋಡಿ ಹನ್ನೊಂದು ವರ್ಷ ದಾಟಿತು. ನಾನು ಬಂದು ಬಾಗಿಲು ತಟ್ಟಿ, ನೀನು ತೆಗೆಯದೇ ಹೋದರೆ ಎಂಬ ಹೆದರಿಕೆಗೆ ಅಂಚೆಯನ್ನು ನಂಬಿದ್ದೇನೆ.

ನಮ್ಮ ಸಭೆಗೆ ಹೊಸ ಸಭಾಪಾಲಕರು ಬಂದಿದ್ದಾರೆ. ಹೆಣ್ಣುಮಗಳು, ಹೆಸರು ಅರ್ಪಣಾ. ಮೊದಲ ದಿನ ಆಟೋದವನು ಅವರನ್ನು ಕೆಥೊಲಿಕರ ಇಗರ್ಜಿಯ ಮುಂದೆ ಇಳಿಸಿ ಹೋಗಿದ್ದ. ಪ್ರಾಟೆಸ್ಟೆಂಟರ ದೇವಾಲಯವೂ ಒಂದಿದೆ ಎಂದು ಪೇಟೆಯ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಅವರನ್ನು ಏನೆಂದು ಕರೆಯಬೇಕು ಎಂದು ನಾವೆಲ್ಲ ಒಂದಷ್ಟು ದಿನ ತಲೆ ಕೆಡಿಸಿಕೊಂಡೆವು. ಗಂಡು ಪಾಲಕರಿಗೆ ಹೇಳುವ ಹಾಗೆ ಅಯ್ಯನವರು ಅನ್ನುವ ಹಾಗಿಲ್ಲ. ಅಮ್ಮನವರು ಎಂದರೆ ಅದು ಅಯ್ಯನವರ ಹೆಂಡತಿಗೆ ಹೇಳುವ ಮಾತು. ಕೊನೆಗೆ ಅವರೇ, "ಅರ್ಪಣಮ್ಮ ಅನ್ನಿ, ಸಾಕು" ಎಂದರು.

ಈ ನವೆಂಬರಿಗೆ ನಮ್ಮ ದೇವಾಲಯಕ್ಕೆ ತೊಂಬತ್ತು ತುಂಬುತ್ತದೆ. ಅಷ್ಟರಲ್ಲಿ ಸಭೆಯ ಚರಿತ್ರೆ ಬರೆಯಬೇಕೆಂದು ಅರ್ಪಣಮ್ಮ ಹಟ ಹಿಡಿದಿದ್ದಾರೆ. ನಾಗಪ್ಪ ಉಪದೇಶಿಗಳು ಹೆಂಡತಿಯನ್ನು ಕಟ್ಟಿಕೊಂಡು ಘಟ್ಟ ಹತ್ತಿ ಬಂದದ್ದು, ಮಲೇರಿಯಾದ ಕಾಲದಲ್ಲಿ ಕ್ವಿನೈನ್ ಡಬ್ಬಿ ಹೊತ್ತು ಕಾಫಿ ತೋಟದ ಕೂಲಿ ಲೈನುಗಳಲ್ಲಿ ತಿರುಗಿದ್ದು, ಅಡಿಕೆ ಸೋಗೆ ಹೊದಿಸಿದ ಮಾಡಿನ ಕೆಳಗೆ ನಾಲ್ಕು ಮನೆಯವರು ಕೂತು ಪ್ರಾರ್ಥನೆ ಶುರು ಮಾಡಿದ್ದು, ಆಮೇಲೆ ಮಂಗಳೂರಿನಿಂದ ಹೆಂಚು ಬಂದದ್ದು, ಎಲ್ಲ ನಾನೇ ಹೇಳಿದೆ. ಟೀಚರಾಗಿದ್ದವಳು, ಕೇಳುವವರು ಸಿಕ್ಕರೆ ಬಿಡುತ್ತೇನೆಯೇ.

ಕೊನೆಗೆ, "ಯಮುನಮ್ಮನ ಹಾಡು ಅಂತೀರಲ್ಲ, ಹಾಡಿ ತೋರಿಸಿ" ಎಂದರು. ನಾಗಪ್ಪ ಉಪದೇಶಿಗಳ ಹೆಂಡತಿ ಕಟ್ಟಿದ, ನಮ್ಮ ದೇವಾಲಯದ ಪ್ರತಿಷ್ಠಾಪನೆಯ ಹಾಡು. ನಾನೂ ಇನ್ನೂ ನಾಲ್ಕು ಹೆಂಗಸರೂ ನಿಂತು ಹಾಡಿದೆವು. ಅವರು ಹಾರ್ಮೋನಿಯಂ ಮುಂದೆ ಕೂತವರು ಕೈ ಎತ್ತಿಬಿಟ್ಟರು. "ರಾಹೇಲಮ್ಮ, ಇದು ರಾಗ ಅಲ್ಲ. ರಾಗದ ಕೆಳಗೆ ಜೊತೆಗೆ ಹಾಡೋ ಎರಡನೇ ದನಿ ಇದು. ಮೇಲಿನದು ಎಲ್ಲಿ?"

ಮಾರಾಯ್ತಿ, ಆಗಲೇ ನನಗೆ ಹೊಳೆದದ್ದು. ನೀನು ಹೋದ ಮೇಲೆ ಮೊದಲ ದನಿಗೆ ಯಾರೂ ಇರಲಿಲ್ಲ. ಸಂಡೇ ಸ್ಕೂಲಿನ ಮಕ್ಕಳಿಗೆ ಹಾಡು ಕಲಿಸಿದವಳು ನಾನು, ನನಗೆ ಬರುವುದು ಎರಡನೇ ದನಿ. ಅದನ್ನೇ ಕಲಿಸಿದೆ. ಹೊಸದಾಗಿ ಬಂದ ಮನೆಯವರು ಆ ಮಕ್ಕಳಿಂದ ಕಲಿತರು. ಈಗ ಇಡೀ ಸಭೆ, ಗಂಡಸರು ಹೆಂಗಸರು ಅನ್ನದೆ, ಎದ್ದು ನಿಂತು ಗಟ್ಟಿಯಾಗಿ ಎರಡನೇ ದನಿಯನ್ನೇ ಹಾಡುತ್ತದೆ. ಅನ್ನವಿಲ್ಲದೆ ಬರೀ ಸಾರು ಬಡಿಸಿದ ಹಾಗೆ. ಇಷ್ಟು ವರ್ಷ ನನಗೇ ಗೊತ್ತಾಗಲಿಲ್ಲ ನೋಡು. ನನ್ನ ಬಲಗಿವಿಯಲ್ಲಿ ನಿನ್ನ ದನಿ ತಾನಾಗಿಯೇ ಕೂಡಿಕೊಳ್ಳುತ್ತಿತ್ತು.

ನಾನೇ ಮೇಲಿನದನ್ನು ಹಾಡಲು ಹೋದೆ. ಬಾಯಿ ತೆರೆದರೆ ಗಂಟಲು ತನ್ನ ಹಳೆಯ ದಾರಿಗೇ ಇಳಿಯುತ್ತದೆ. ನಿನ್ನ ಜೊತೆ ಹಾಡುತ್ತಿದ್ದ ಹುಡುಗಿಯರು ಮದುವೆಯಾಗಿ ಹೋದರಲ್ಲ, ಅವರಿಗೂ ಫೋನ್ ಮಾಡಿದೆ. ಒಬ್ಬೊಬ್ಬಳು ಒಂದೊಂದು ತರಹ ಹಾಡಿದಳು. ಯಾವ ಸಂಗೀತದ ಪುಸ್ತಕದಲ್ಲೂ ಅದಿಲ್ಲ. ಯಮುನಮ್ಮ ನಿನ್ನ ತಾಯಿಗೆ ಕಲಿಸಿದಳು, ನಿನ್ನ ತಾಯಿ ನಿನಗೆ. ಭೂಮಿಯ ಮೇಲೆ ಅದೀಗ ನಿನ್ನೊಬ್ಬಳ ಬಾಯಲ್ಲಿದೆ. ತೊಂಬತ್ತರ ಹಬ್ಬಕ್ಕೆ ಮುಂಚೆ ಒಮ್ಮೆ ಬಂದು ಹಾಡಿ ಕೊಡು, ಜ್ಯೋತ್ಸ್ನಾ.

ನಿನ್ನ ಬೆಂಚಿನವಳು,
ರಾಹೇಲ


ನರಸಿಂಹರಾಜಪುರ
8 ಜುಲೈ 2024

ಶ್ರೀಮತಿ ರಾಹೇಲಮ್ಮನವರಿಗೆ ವಂದನೆಗಳು.

ನಿಮ್ಮ ಪತ್ರ ತಲುಪಿತು. ಸಭೆಗೆ ತೊಂಬತ್ತು ತುಂಬುವುದು ತಿಳಿದು ಸಂತೋಷವಾಯಿತು. ನನಗೆ ಬರಲಾಗುವುದಿಲ್ಲ. ಹಾಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು.

ನಾನು ಕಡೆಯ ಸಲ ಹಾಡಿದ ಕ್ರಿಸ್ಮಸ್ ಆರಾಧನೆಯಲ್ಲಿ ನೀವು ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಿರಿ. ಒಂದು ಸಲವಲ್ಲ. ಹಿಂದಿನ ಬೆಂಚಿನ ಹುಡುಗಿಯರು ನಕ್ಕರು. ಹೊರಗೆ ಬಂದಾಗ ಆಗಿನ ಅಯ್ಯನವರು, "ಸ್ವಲ್ಪ ಮೆಲ್ಲಗೆ ಹಾಡಿ ಅಮ್ಮ, ಈಗ ಮೈಕಿದೆಯಲ್ಲ" ಎಂದರು. ನೀವು ಪಕ್ಕದಲ್ಲೇ ಇದ್ದಿರಿ, ಒಂದು ಮಾತೂ ಆಡಲಿಲ್ಲ. ಮೆಲ್ಲಗೆ ಹಾಡುವವರು ನಿಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಅವರಿಂದಲೇ ಹಾಡಿಸಿ.

ಯೋಗೇಂದ್ರನಿಗೆ ಪದೇ ಪದೇ ಫೋನ್ ಮಾಡಬೇಡಿ. ಅಂಗಡಿಯಲ್ಲಿ ಗಿರಾಕಿಗಳಿರುತ್ತಾರೆ.

ಇತಿ,
ಜ್ಯೋತ್ಸ್ನಾ


ಕೊಪ್ಪ
15 ಜುಲೈ 2024

ಜ್ಯೋತ್ಸ್ನಾ,

ನನಗೆ "ನೀವು" ಎಂದು ಬರೆದಿದ್ದೀಯ. ಓದಿ ನಕ್ಕೆ, ಆಮೇಲೆ ಅತ್ತೆ, ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಸಹಿಸಿಕೋ. ಒಂದೇ ಭಾನುವಾರ, ಒಂದೇ ಬಟ್ಟಲಿನ ನೀರಿನಲ್ಲಿ ದೀಕ್ಷಾಸ್ನಾನವಾದವರು ನಾವು. ನಾನು ನಿನಗೆ ಯಾವ ಊರಿನ ಶ್ರೀಮತಿ?

ತಿವಿದದ್ದು ಹೌದು. ಆ ದಿನ ನಿನ್ನ ದನಿ ಹಾಡನ್ನು ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು. ಬೇರೆಯವರು ಹೇಳುವ ಮೊದಲು ನಾನೇ ಎಚ್ಚರಿಸೋಣ ಎಂದುಕೊಂಡೆ. ಉಳಿದದ್ದನ್ನು ನಾಳೆ ಕೂತು ಮಾತಾಡಿದರಾಯಿತು ಎಂದಿದ್ದೆ. ಮರುದಿನ ಬಂದರೆ ನಿನ್ನ ಮನೆಗೆ ಬೀಗ. ಮಗನ ಮನೆಗೆ ಹೋದಳು ಎಂದು ಪಕ್ಕದ ಮನೆಯವರಿಂದ ತಿಳಿಯಬೇಕಾಯಿತು.

ನೀನು ಬರುವುದಿಲ್ಲ ಎಂದ ಮೇಲೆ ಕೈಕಟ್ಟಿ ಕೂರಲಿಲ್ಲ ನಾವು. ಯಮುನಮ್ಮ ಆ ರಾಗವನ್ನು ಎಲ್ಲಿಂದ ತಂದಳು ಎಂದು ನಿನ್ನ ತಾಯಿ ಹೇಳುತ್ತಿದ್ದರಲ್ಲ. ಹರಿಹರಪುರದ ಗದ್ದೆಯಲ್ಲಿ ನಾಟಿಯವರು ಹಾಡುವುದನ್ನು ಬದುವಿನ ಮೇಲೆ ನಿಂತು ಕೇಳಿ, ಮಾತು ಬದಲಿಸಿ ಕರ್ತನಿಗೆ ಹಾಡಿದಳು. ಎರಡನೇ ದನಿಯನ್ನು ಆಮೇಲೆ ಮಿಶನ್ನಿನಿಂದ ಬಂದ ದಾದಿಯೊಬ್ಬಳು ಕೂಡಿಸಿದಳು. ಅಂದರೆ ಈಗ ನಮ್ಮ ಕೈಯಲ್ಲಿ ಉಳಿದಿರುವುದು ಹೊರಗಿನಿಂದ ಬಂದ ಅರ್ಧ. ಈ ಮಣ್ಣಿನ ಅರ್ಧ ನಿನ್ನ ಹತ್ತಿರ ಇದೆ.

ನಾನೂ ಅರ್ಪಣಮ್ಮನೂ ಸ್ಕೂಟರಿನಲ್ಲಿ ಹರಿಹರಪುರಕ್ಕೆ ಹೋದೆವು. ನನ್ನ ಹಳೆಯ ವಿದ್ಯಾರ್ಥಿನಿಯ ಅತ್ತೆ ತುಂಗಮ್ಮ ಜೀವಮಾನವೆಲ್ಲ ನಾಟಿ ಮಾಡಿದವಳು. "ಈಗ ನಾಟಿಗೆ ಮಷಿನ್ ಬಂದಿದೆ ಟೀಚರೇ, ಮಷಿನ್ನಿಗೆ ಎಂತ ಹಾಡು ಹೇಳೂದು" ಎಂದಳು. ಆದರೂ ಕಾಫಿ ಕೊಟ್ಟು, ಕಾಲು ಚಾಚಿ ಕೂತು ನೆನಪಿದ್ದದ್ದನ್ನೆಲ್ಲ ಹಾಡಿದಳು. ನಮ್ಮದು ಅದರಲ್ಲಿ ಇರಲಿಲ್ಲ. ನಮ್ಮ ಮಾತನ್ನು ನಾನು ಹೇಳಿ ತೋರಿಸಿದೆ:

ಸೋಗೆಯ ಮಾಡಿಗೆ ಇಳಿದು ಬಂದೆ,
ಸಾಕೆನ್ನದೆ ನಮ್ಮ ಜೊತೆಗಿದ್ದೆ,
ಹಾದಿಯ ಮರೆತ ಹಿಂಡನು ಕರೆದೆ
ಹೆಸರನು ಹಿಡಿದು, ಕರ್ತನೇ.

"ಮಾತು ಚಂದ ಉಂಟು. ರಾಗ ಹೇಳಿ, ನೆನಪಾದ್ರೂ ಆದೀತು" ಎಂದಳು ತುಂಗಮ್ಮ. ಹೇಳಲು ನನಗೆ ಬರಬೇಕಲ್ಲ. ಎರಡನೇ ದನಿ ಹಾಡಿದೆ. ಅವಳು ಪಾಪ ಎಂಬ ಹಾಗೆ ನನ್ನ ಮುಖ ನೋಡಿದಳು.

ಬರದಿದ್ದರೆ ಬೇಡ. ಯೋಗೇಂದ್ರನ ಫೋನಿನಲ್ಲಿ ಹಾಡಿ ಕಳಿಸು. ಅದೂ ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದಾದರೂ ಬರೆ. ಬರೀ ಮೊಣಕೈಯ ಸಿಟ್ಟು ಇಷ್ಟು ವರ್ಷ ಬಾಳುವುದಿಲ್ಲ. ಬೇರೆ ಏನೋ ಇದೆ.

ರಾಹೇಲ


ನರಸಿಂಹರಾಜಪುರ
2 ಸೆಪ್ಟೆಂಬರ್ 2024

ರಾಹೇಲ,

ಬರೆಯಲು ಕೂತು ಹರಿದು ಹಾಕಿದ್ದೇ ಹೆಚ್ಚು. ಇದನ್ನು ಹರಿಯುವ ಮೊದಲು ಯೋಗೇಂದ್ರನ ಕೈಗೆ ಕೊಟ್ಟುಬಿಡುತ್ತೇನೆ.

ನನಗೆ ಕಿವಿ ಕೇಳುವುದಿಲ್ಲ.

ಅಡ್ಡಗದ್ದೆಯ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಾಗ ಒಂದು ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಕಾಯುತ್ತ ಕೂತಿದ್ದೆ. ಹೊಸ ನಮೂನೆಯದು, ಜ್ವರ ನೋಡಿ ಆದ ಮೇಲೆ ಬೀಪ್ ಎನ್ನುತ್ತದೆ. ಎಷ್ಟು ಹೊತ್ತಾದರೂ ಅನ್ನಲಿಲ್ಲ. ಕೆಟ್ಟಿರಬೇಕು ಎಂದೆ. ಮಗುವಿನ ತಾಯಿ, "ಅದು ಆಗ್ಲೇ ಕೂಗ್ತಲ್ಲ ಸಿಸ್ಟರ್" ಎಂದಳು. ಪಕ್ಕದಲ್ಲಿದ್ದ ಅಜ್ಜಿಗೂ ಕೇಳಿಸಿತ್ತು. ಅದು ಆ ಕ್ರಿಸ್ಮಸ್ಸಿನ ಹಿಂದಿನ ತಿಂಗಳು.

ಸಣ್ಣ ದನಿಗಳು ಮೊದಲು ಹೋದವು. ಹಕ್ಕಿ, ಕುಕ್ಕರಿನ ಸೀಟಿ. ಆಮೇಲೆ ಮಕ್ಕಳ ಮಾತು, ಹೆಂಗಸರ ಮಾತು. ಆ ದಿನ ದೇವಾಲಯದಲ್ಲಿ ಹಾಡುತ್ತಿದ್ದಾಗ ನನ್ನ ದನಿ ನನಗೇ ಸಿಗಲಿಲ್ಲ. ಇನ್ನೂ ಗಟ್ಟಿಯಾಗಿ ಹಾಡಿದೆ, ಆಗಲೂ ಸಿಗಲಿಲ್ಲ. ನೀನು ತಿವಿದಾಗ ಗೊತ್ತಾಯಿತು, ಅದು ಹಾಡಿಗೂ ಬಂತು ಎಂದು. ನರ್ಸಿನ ಕೆಲಸವನ್ನು ನಾನೇ ಅರ್ಜಿ ಕೊಟ್ಟು ಬಿಟ್ಟೆ, ಹಾಡನ್ನೂ ಹಾಗೇ ಬಿಡೋಣ ಎಂದುಕೊಂಡೆ. ನಿನ್ನ ಮೇಲೆ ಸಿಟ್ಟಿದ್ದದ್ದು ಸುಳ್ಳಲ್ಲ. ಆದರೆ ಆ ಸಿಟ್ಟನ್ನು ಇಷ್ಟು ಜೋಪಾನ ಮಾಡಿದ್ದು, ಯಾರೂ ಬೇರೆ ಕಾರಣ ಕೇಳದಿರಲಿ ಎಂದು.

ಯೋಗೇಂದ್ರ ಶಿವಮೊಗ್ಗದಲ್ಲಿ ಕಿವಿಗೆ ಮಷಿನ್ ಹಾಕಿಸಿದ. ಅದರಲ್ಲಿ ಎಲ್ಲವೂ ಪಾತ್ರೆ ಬಿದ್ದ ಹಾಗೆ ಕೇಳುತ್ತದೆ. ಫೋನಿನಲ್ಲಿ ಏನೂ ತಿಳಿಯುವುದಿಲ್ಲ, ಅದಕ್ಕೇ ಅವನು ನಾನು ಮಲಗಿದ್ದೇನೆ ಅನ್ನುವುದು. ನಾನೇ ಹೇಳಿಕೊಟ್ಟದ್ದು.

ಹಾಡು ತಲೆಯೊಳಗೆ ಹಾಗೇ ಇದೆ. ಅಮ್ಮ ಹಾಡಿದ ಹಾಗೇ ಇದೆ. ಬಾಯಿಗೆ ಬಂದ ಮೇಲೆ ಅದು ಏನಾಗುತ್ತದೋ ನನಗೆ ಗೊತ್ತಿಲ್ಲ. ಒಂದು ಸಲ ಅಡುಗೆಮನೆಯಲ್ಲಿ ಹಾಡಿಕೊಂಡೆ, ಸೊಸೆಯ ಮುಖ ನೋಡಿ ನಿಲ್ಲಿಸಿದೆ. ಯಮುನಮ್ಮನ ಹಾಡನ್ನು ಕೆಡಿಸಿ ನಿಮ್ಮ ಕೈಗೆ ಕೊಡಲಾರೆ ರಾಹೇಲ. ಅದಕ್ಕಿಂತ ನನ್ನ ಜೊತೆಗೇ ಹೋಗಲಿ.

ಯಾರಿಗೂ ಹೇಳಬೇಡ.

ಜ್ಯೋತ್ಸ್ನಾ


ಕೊಪ್ಪ
7 ಸೆಪ್ಟೆಂಬರ್ 2024

ಜ್ಯೋತಿ,

ನಿನ್ನ ಕಾಗದ ಓದುತ್ತ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಇಷ್ಟು ವರ್ಷ ನೀನು ಗರ್ವದವಳು ಎಂದು ದೇವರ ಹತ್ತಿರ ಚಾಡಿ ಹೇಳುತ್ತಿದ್ದೆ. ಅವನು ಕೇಳಿಸಿಕೊಂಡು ಸುಮ್ಮನಿದ್ದ. ನನ್ನ ಜ್ಯೋತಿ ಒಬ್ಬಳೇ ಕೂತು ಇದನ್ನೆಲ್ಲ ಅನುಭವಿಸಿದಳಲ್ಲ.

ನೀನು ದಾದಿ, ನಿನಗೇ ಒಂದು ಪ್ರಶ್ನೆ. ಸಣ್ಣ ದನಿ ಹೋಯಿತು ಎಂದೆ. ದಪ್ಪ ದನಿಯೂ ಹೋಗಿದೆಯೋ? ನನ್ನದು ಚಿಕ್ಕಂದಿನಿಂದಲೂ ದಪ್ಪ. ನಿನ್ನ ತಾಯಿ ನನ್ನನ್ನು "ಗಂಡುಗಂಟಲಿನ ಕೂಸು" ಎಂದೇ ಕರೆಯುತ್ತಿದ್ದರು. ನಾನು ಕೆಳಗಿನದನ್ನು ಹಾಡಿದರೆ ಅದರ ಮೇಲೆ ನಿನ್ನದನ್ನು ಇಡಲು ಆಗುವುದಿಲ್ಲವೇ?

ದೇವಾಲಯದಲ್ಲಿ ನಾವಿಬ್ಬರೇ. ಅರ್ಪಣಮ್ಮ ಇರಲಿ, ಬರೆದುಕೊಳ್ಳಲು ಒಬ್ಬರು ಬೇಕು. ಕೆಟ್ಟರೆ ಕೆಡಲಿ. ಇಡೀ ಸಭೆ ಇಷ್ಟು ವರ್ಷ ಅರ್ಧ ಹಾಡನ್ನು ಪೂರ್ತಿ ಎಂದುಕೊಂಡು ಹಾಡಿದೆ, ನಾನೇ ಕಲಿಸಿದ್ದು. ಆಕಾಶವೇನೂ ಕಳಚಿ ಬೀಳಲಿಲ್ಲ. ಬಾ.

ನಿನ್ನ,
ರಾಹೇಲ


ನರಸಿಂಹರಾಜಪುರ
4 ಅಕ್ಟೋಬರ್ 2024

ರಾಹೇಲ,

ದಪ್ಪ ದನಿಗಳು ಅಷ್ಟಿಷ್ಟು ಸಿಗುತ್ತವೆ. ಲಾರಿ, ಗುಡುಗು, ಅಕ್ಕಿ ಮಿಲ್ಲು. ನಿನ್ನದೂ ಸಿಗಬಹುದು, ಅದೇ ಜಾತಿಯದಲ್ಲವೇ.

ಈ ತಿಂಗಳು 22ರ ಮಂಗಳವಾರ ಬರುತ್ತೇನೆ. ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲಬೇಡ, ದಾರಿ ಮರೆತಿಲ್ಲ. ಮಾತಾಡುವಾಗ ಮುಖ ನನ್ನ ಕಡೆ ಇರಲಿ. ಬಾಯಿಗೆ ಸೆರಗು ಹಿಡಿದು ನಗುವ ನಿನ್ನ ಅಭ್ಯಾಸ ಅವತ್ತು ಬೇಡ, ನನಗೆ ತುಟಿ ಕಾಣಬೇಕು. ಅರ್ಪಣಮ್ಮ ಒಬ್ಬರೇ, ಬೇರೆ ಯಾರೂ ಇರಬಾರದು. ಆಗದಿದ್ದರೆ ಊಟವನ್ನೂ ಮಾಡದೆ ಸಂಜೆ ಬಸ್ಸಿಗೆ ಹಿಂದೆ ಬರುತ್ತೇನೆ, ಒತ್ತಾಯ ಮಾಡಬಾರದು.

ಜ್ಯೋತಿ


ನರಸಿಂಹರಾಜಪುರ
20 ನವೆಂಬರ್ 2024

ಪ್ರೀತಿಯ ರಾಹೇಲ,

ಹಬ್ಬದಿಂದ ಬಂದು ಮೂರು ದಿನವಾದರೂ ಮನಸ್ಸು ಅಲ್ಲೇ ಇದೆ.

ಆ ಮಂಗಳವಾರದ ಮಾತನ್ನು ನಾವು ಆಡಲೇ ಇಲ್ಲ. ನೀನು ಕೆಳಗಿನ ದನಿ ಎತ್ತಿಕೊಂಡಾಗ ಮೊದಲು ಏನೂ ಸಿಗಲಿಲ್ಲ. ನಿನ್ನ ಬಾಯಿ ಆಡುವುದಷ್ಟೇ ಕಂಡಿತು. ಎದ್ದು ಹೊರಟುಬಿಡೋಣ ಎನಿಸಿತು. ದಾದಿಯ ಕೈ ಸುಮ್ಮನಿರುವುದಿಲ್ಲ, ಕಫ ಕಟ್ಟಿದೆಯೋ ಎಂದು ನೋಡುವ ಹಾಗೆ ಅಂಗೈಯನ್ನು ನಿನ್ನ ಬೆನ್ನಿಗೆ ಇಟ್ಟೆ. ಆಗ ಬಂತು. ಕಿವಿಗಿಂತ ಮೊದಲು ಕೈಗೆ ಬಂತು. ನೀನು ಎಲ್ಲಿದ್ದೀಯ ಎಂದು ತಿಳಿದ ಮೇಲೆ ನಾನೆಲ್ಲಿರಬೇಕು ಎಂದೂ ತಿಳಿಯಿತು. ಅಷ್ಟು ಸಂತೋಷ ನನಗೆ ಯೋಗೇಂದ್ರ ಹುಟ್ಟಿದಾಗ ಆಗಿತ್ತು, ಆಮೇಲೆ ಆಗಿರಲಿಲ್ಲ.

ಹಬ್ಬದ ದಿನ ಬೆಂಚಿನ ತುದಿಯಲ್ಲಿ ಕೂತು ಬಾಯಿಗಳನ್ನೇ ನೋಡಿದೆ. ಹುಡುಗಿಯರದೆಲ್ಲ ಮೇಲಿನ ದನಿ, ದೊಡ್ಡವರದು ನೀನು ಕಲಿಸಿದ್ದು. ಹೊಸ ಮನೆಯವರಲ್ಲಿ ಒಬ್ಬ, ಕುಮಾರ ಎಂಬ ಡ್ರೈವರು, ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ಮುಗಿದ ಮೇಲೆ ಎಲ್ಲರೂ ಬಂದು ನನ್ನ ಕೈ ಹಿಡಿದು, ಚೆನ್ನಾಗಿತ್ತು, ಚೆನ್ನಾಗಿತ್ತು ಎಂದರು. ಕಿವಿಯಲ್ಲಿ ಮಷಿನ್ ಕಂಡಿತಲ್ಲ, ಕಿವುಡರಿಗೆ ಎಲ್ಲರೂ ಹಾಗೇ ಹೇಳುತ್ತಾರೆ. ನೀನು ಮಾತ್ರ ಏನೂ ಹೇಳದೆ ನನಗೆ ಊಟ ಬಡಿಸಿದೆ.

ಅದಕ್ಕೇ ಕೇಳುತ್ತಿದ್ದೇನೆ. ನಾನು ಹಾಡಿ ಕೊಟ್ಟದ್ದು ಸರಿಯಿತ್ತೇ? ಅಮ್ಮನ ಹಾಡು ಕೇಳಿದ ಕಿವಿ ನಿನ್ನದೊಂದೇ ಉಳಿದಿರುವುದು. ನಿಜ ಬರೆ. ಹೊಗಳಿಕೆ ನನಗೆ ಸಾಕಾಗಿದೆ.

ಜ್ಯೋತಿ


ಕೊಪ್ಪ
28 ನವೆಂಬರ್ 2024

ನನ್ನ ಜ್ಯೋತಿ,

ನಿಜವನ್ನೇ ಬರೆಯುತ್ತೇನೆ.

ಮೊದಲ ಎರಡು ಸಾಲು ನಿನ್ನ ತಾಯಿ ಹಾಡಿದ ಹಾಗೇ ಇತ್ತು. ಮೂರನೇ ಸಾಲಿನಲ್ಲಿ, "ಹಿಂಡನು ಕರೆದೆ" ಎಂಬಲ್ಲಿ ನೀನು ಜಾರಿದೆ. ಮೇಲೆ ಹೋಗಿ ನಿಲ್ಲಬೇಕಾದ ಸ್ವರ ಅರ್ಧ ಮೆಟ್ಟಿಲು ಕೆಳಗೇ ನಿಂತಿತು. ನಾನು ನನ್ನ ಜಾಗ ಬಿಡದೆ ಹಾಡಿದ್ದರೆ ಎರಡು ದನಿಯೂ ಕಿತ್ತಾಡುತ್ತಿದ್ದವು, ಅರ್ಪಣಮ್ಮ ನಿಲ್ಲಿಸುತ್ತಿದ್ದರು. ನಿನ್ನ ಕೈ ನನ್ನ ಬೆನ್ನ ಮೇಲಿತ್ತು, ಆ ಕೈಗೆ ನಾನಿಲ್ಲ ಎಂದು ಅನ್ನಿಸಬಾರದಿತ್ತು. ನಾನೂ ನಿನ್ನ ಜೊತೆ ಇಳಿದೆ. ಜೀವಮಾನದಲ್ಲಿ ಮೊದಲ ಸಲ ಆ ಹಾಡನ್ನು ಬೇಕೆಂದೇ ತಪ್ಪು ಹಾಡಿದೆ. ಎರಡೂ ಕೂಡಿಕೊಂಡವು. ಕೇಳಲು ಚಂದವೇ ಇತ್ತು ಮಾರಾಯ್ತಿ. ಅರ್ಪಣಮ್ಮ ಹಾಗೇ ಬರೆದುಕೊಂಡರು, ಹುಡುಗಿಯರಿಗೂ ಹಾಗೇ ಕಲಿಸಿದರು; ದೊಡ್ಡವರಿಗೆ ಆ ಒಂದು ಕಡೆ ನಾನು ಇಳಿದ ಹಾಗೆ ಹೇಳಿಕೊಟ್ಟೆ.

ಹಬ್ಬಕ್ಕೆ ಇನ್ನೂ ದಿನಗಳಿದ್ದವು. ನಿನಗೆ ಬರೆದು ತಿದ್ದಿಸಬಹುದಿತ್ತು. ಎರಡು ಸಲ ಪೆನ್ನು ಹಿಡಿದೆ, ಮನಸ್ಸು ಬರಲಿಲ್ಲ. ಯಮುನಮ್ಮನ ರಾಗ ಇದ್ದ ಹಾಗೇ ಬೇಕೆಂದು ನಿನ್ನ ಬೆನ್ನು ಹತ್ತಿದವಳು ನಾನೇ. ಈಗ ನನಗೆ ನೀನು ಹಾಡಿದ ಹಾಗೇ ಬೇಕು.

ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ಕುಮಾರನ ಮಗಳು ಸಿರಿ ಹೊರಗಿನ ಕಟ್ಟೆಯ ಮೇಲೆ ಕೂತು, ಕಾಲು ಆಡಿಸುತ್ತ ಅದೇ ಹಾಡು ಹಾಡಿಕೊಳ್ಳುತ್ತಿದ್ದಳು. ಮೂರನೇ ಸಾಲು ಬಂದಾಗ ಆ ಅರ್ಧ ಮೆಟ್ಟಿಲು ಇಳಿದಳು, ಸರಿಯಾಗಿ ನೀನು ಇಳಿದ ಕಡೆ. ಅವಳು ತನ್ನ ಮಕ್ಕಳಿಗೂ ಅದನ್ನೇ ಕಲಿಸುತ್ತಾಳೆ. ಅವರಿಗೆ ಅದು ಯಮುನಮ್ಮನ ಹಾಡು.

ನಿನಗೆ ತಪ್ಪು ಎನಿಸಿದರೆ ಹೇಳು, ಅರ್ಪಣಮ್ಮನಿಗೆ ಹೇಳಿ ತಿದ್ದಿಸುತ್ತೇನೆ. ನಿನ್ನ ತಾಯಿಯ ಹಾಡು, ನಿನ್ನ ಮಾತೇ ಕಡೆಯದು.

ನಿನ್ನ,
ರಾಹೇಲ


ನರಸಿಂಹರಾಜಪುರ
5 ಡಿಸೆಂಬರ್ 2024

ರಾಹೇಲ,

ನಿನ್ನ ಕಾಗದ ಓದಿ ಅಮ್ಮನಿಗೆ ಮನಸ್ಸಿನಲ್ಲೇ ಹೇಳಿಕೊಂಡೆ. ತಿದ್ದಿಸಬೇಡ, ಹಾಗೇ ಇರಲಿ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಸಿರಿ ಹಾಡುವಾಗ ಒಂದು ಸಲ ಅವಳ ಬೆನ್ನಿಗೆ ಕೈ ಇಡಬಹುದೇ ಎಂದು ಅವಳ ತಾಯಿಯನ್ನು ಕೇಳಿಡು.

ಜ್ಯೋತಿ